ಹಾಸು ಮೊದಲು, ಹೊಕ್ಕು ಆಮೇಲೆ

ನಮ್ಮೂರು ದೊಡ್ಡಬಳ್ಳಾಪುರ. ಬೆಳಿಗ್ಗೆ ಎದ್ದಾಗ ಮಗ್ಗದ ಸದ್ದು ಕೇಳಿಸಲಿಲ್ಲವೆಂದರೆ ಕರೆಂಟು ಹೋಗಿದೆ ಎಂದೇ ಅರ್ಥ. ಮೂರು ವರ್ಷದ ಹಿಂದೆ, ಸಿಇಟಿ ಸೀಟು ಹಂಚಿಕೆ ಮುಗಿದ ದಿನಗಳಲ್ಲಿ, ಅಂಥದೊಂದು ಸದ್ದಿಲ್ಲದ ಬೆಳಿಗ್ಗೆ ನಮ್ಮ ಬೀದಿಯ ನೇಕಾರರೊಬ್ಬರು ಮಗಳನ್ನು ಕರೆದುಕೊಂಡು ಮನೆಗೆ ಬಂದರು. ಹುಡುಗಿಗೆ ಸಿವಿಲ್ ಎಂಜಿನಿಯರಿಂಗ್ ಸೀಟು ಸಿಕ್ಕಿತ್ತು.

“ಮೇಷ್ಟ್ರೇ, ಇವಳಿಗೆ ಲ್ಯಾಪ್‌ಟಾಪ್ ಬೇಕಂತೆ. ಕೈಯಲ್ಲಿ ಐವತ್ತು ಸಾವಿರ ಇದೆ. ಸಾಲದಿದ್ರೆ ಇನ್ನೊಂದಿಪ್ಪತ್ತು ಕೈಗಡ ತರ್ತೀನಿ. ಒಳ್ಳೇದು ಯಾವ್ದು ಅಂತ ಒಂದ್ಮಾತು ಹೇಳ್ಬಿಡಿ.”

ನಾನು ಡಿಗ್ರಿ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವನು. ಜೂನ್ ಬಂತೆಂದರೆ ಈ ಪ್ರಶ್ನೆ ನನ್ನನ್ನು ಹುಡುಕಿಕೊಂಡು ಹೊರಡುತ್ತದೆ. ಮದುವೆ ಮನೆಯ ಪಂಕ್ತಿಯಲ್ಲಿ ಸಿಕ್ಕಿದೆ, ಬಸ್ಸಿನ ಫುಟ್‌ಬೋರ್ಡಿನ ಮೇಲೆ ಸಿಕ್ಕಿದೆ, ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಾಗ ಡಾಕ್ಟರೇ ಕೇಳಿದ್ದಾರೆ. ಒಂದೇ ಮಾತಿನ ಉತ್ತರ ನನ್ನಲ್ಲಿ ಇಲ್ಲ. ಹಿಂದೆ ಇತ್ತು. ಅದನ್ನು ನಂಬಿ ನಮ್ಮ ಮನೆಯಲ್ಲೇ ಪೆಟ್ಟು ತಿಂದೆ.

2019ರಲ್ಲಿ ನನ್ನ ಮಗ ಕಾಲೇಜಿಗೆ ಸೇರಿದಾಗ ಅವನಿಗೊಂದು ತೆಳ್ಳನೆಯ, ಬೆಳ್ಳಿ ಬಣ್ಣದ ಲ್ಯಾಪ್‌ಟಾಪ್ ಕೊಡಿಸಿದೆ. ರ್‍ಯಾಮ್ 4 ಜಿಬಿ. ಸಾಲದಿದ್ದರೆ ಮುಂದೆ ಹಾಕಿಸಿದರಾಯಿತು ಎಂದು ನನ್ನ ಲೆಕ್ಕ. ಮರುವರ್ಷ ಕೊರೊನಾ ಬಂತು, ತರಗತಿಗಳೆಲ್ಲ ಪರದೆಗೆ ಬಂದವು. ಪಾಠದ ವಿಡಿಯೊ ತೆರೆದರೆ ನೋಟ್ಸ್ ತೆರೆಯದು. ನೋಟ್ಸ್ ತೆರೆದರೆ ಪಾಠ ಹೇಳುತ್ತಿದ್ದ ಮೇಡಂ ಬಾಯಿ ಅರ್ಧ ತೆರೆದಲ್ಲೇ ನಿಂತುಬಿಡುವರು. ಲಾಕ್‌ಡೌನ್ ಸಡಿಲವಾದ ಮೇಲೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಒಯ್ದೆ. ರಿಪೇರಿ ಹುಡುಗ ಕೆಳಗಿನ ಮುಚ್ಚಳ ಬಿಚ್ಚಿ, ಮೊಬೈಲಿನ ಟಾರ್ಚ್ ಹಿಡಿದು ತೋರಿಸಿದ. “ಸ್ಲಾಟೇ ಇಲ್ಲ ಸಾರ್. ರ್‍ಯಾಮನ್ನ ಬೋರ್ಡಿಗೇ ಬೆಸುಗೆ ಹಾಕ್ಬಿಟ್ಟಿದ್ದಾರೆ. ಇನ್ನೊಂದು ಹಾಕೋಣ ಅಂದ್ರೆ ಎಲ್ಲಿ ಹಾಕ್ಲಿ?” ಮುಚ್ಚಳ ಮುಚ್ಚಿಸಿಕೊಂಡು ಬಂದೆ. ಕಂಪ್ಯೂಟರ್ ಮೇಷ್ಟ್ರು ನಾನು. ಕೊಳ್ಳುವ ದಿನ ಕೇಳಬೇಕಿದ್ದ ಒಂದು ಪ್ರಶ್ನೆಯನ್ನು ಕೇಳಿರಲಿಲ್ಲ.

ಈ ಕಥೆಯನ್ನು ನೇಕಾರರಿಗೆ ಹೇಳಿದೆ. ಅವರು ಕಾಫಿ ಲೋಟ ಕೆಳಗಿಟ್ಟು, ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಂದ್ರೆ ಇದ್ರಲ್ಲೂ ಹಾಸು ಹೊಕ್ಕು ಇದೆ ಅನ್ನಿ” ಎಂದರು.

ಮಗ್ಗದ ಪರಿಚಯ ಇಲ್ಲದವರಿಗೆ ಎರಡು ಮಾತು. ಹಾಸು ಎಂದರೆ ಸೀರೆಯ ಉದ್ದಕ್ಕೆ ಹೋಗುವ ಎಳೆಗಳು. ಅವನ್ನು ಸಾವಿರಗಟ್ಟಲೆ ಹೂಡಿ ಮಗ್ಗಕ್ಕೆ ಏರಿಸಿದ ಮೇಲೆ, ಆ ಹಾಸು ಮುಗಿಯುವ ತನಕ ಅದರ ಅಗಲವನ್ನಾಗಲಿ ಬಣ್ಣವನ್ನಾಗಲಿ ಬದಲಾಯಿಸುವಂತಿಲ್ಲ. ಹೊಕ್ಕು ಎಂದರೆ ಅಡ್ಡಕ್ಕೆ ಲಾಳಿ ಹೊತ್ತು ತರುವ ನೂಲು. ಅದನ್ನು ಬೇಕೆಂದಾಗ ಬದಲಾಯಿಸಬಹುದು, ಲಾಳಿಯೊಳಗಿನ ನೂಲು ಸುತ್ತಿದ ಕಂಡಿಕೆ ಬದಲಾಯಿಸಿದರೆ ಮುಗಿಯಿತು. ಇಷ್ಟು ವರ್ಷ ಹಲಗೆಯ ಮೇಲೆ ಬರೆದು ಬರೆದು ನಾನು ಹೇಳಲಾಗದೆ ಹೋದದ್ದನ್ನು ಅವರು ಒಂದು ಲೋಟ ಕಾಫಿಯಲ್ಲಿ ಹೇಳಿದ್ದರು.

ಲ್ಯಾಪ್‌ಟಾಪಿನ ಹಾಸು ಯಾವುದು? ಪರದೆ, ಕೀಲಿಮಣೆ, ಪ್ರೊಸೆಸರ್, ಮೈತೂಕ, ಪರದೆಯನ್ನು ಎತ್ತಿ ಇಳಿಸುವ ಕೀಲು. ಕೊಂಡ ದಿನ ಹೇಗಿದ್ದವೋ ಕೊನೆಯವರೆಗೂ ಹಾಗೇ. ಹೊಕ್ಕು ಯಾವುದು? ಸ್ಲಾಟ್ ಇದ್ದರೆ ರ್‍ಯಾಮ್, ಮಾಹಿತಿ ತುಂಬಿಡುವ ಎಸ್‌ಎಸ್‌ಡಿ, ಬ್ಯಾಟರಿ, ಒಳಗೆ ಹಾಕುವ ಸಾಫ್ಟ್‌ವೇರ್. ಅಂಗಡಿಯವರು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸುವುದು ಹೆಚ್ಚಾಗಿ ಹೊಕ್ಕನ್ನು: 16 ಜಿಬಿ, 1 ಟಿಬಿ. ಪರದೆ ಎಂಥದು, ಕೀಲಿಮಣೆ ಹೇಗಿದೆ ಎಂಬುದನ್ನು ಯಾರೂ ಚೀಟಿಯಲ್ಲಿ ಬರೆಯುವುದಿಲ್ಲ. ಬೆಲೆ ಇಳಿಸಬೇಕಾದಾಗ ತಯಾರಕರು ಮೊದಲು ಕತ್ತರಿ ಆಡಿಸುವುದೂ ಇವುಗಳ ಮೇಲೆಯೇ. ಆದ್ದರಿಂದ ನನ್ನ ಸಲಹೆ ಇಷ್ಟೇ. ಇರುವ ದುಡ್ಡು ಮೊದಲು ಹಾಸಿನ ಮೇಲೆ ಹೋಗಲಿ, ಉಳಿದದ್ದು ಹೊಕ್ಕಿಗೆ.

ಮುಂದೊಂದು ಭಾನುವಾರ ನಾವು ಮೂವರೂ ಬೆಂಗಳೂರಿನ ಒಂದು ಅಂಗಡಿಗೆ ಹೋದೆವು. ಅಂಗಡಿಯ ಹುಡುಗ ಮಂತ್ರ ಹೇಳಿದ ಹಾಗೆ ಜಿಬಿ, ಟಿಬಿ ಒಪ್ಪಿಸಿದ. ನೇಕಾರರು ಎಲ್ಲ ಕೇಳಿ, ಮೊಬೈಲ್ ತೆಗೆದು, ತಾವು ನೇಯ್ದ ಒಂದು ಸೀರೆಯ ಚಿತ್ರ ತೋರಿಸಿದರು. ಅರಿಶಿನದ ಒಡಲು, ಗಿಳಿಹಸಿರು ಅಂಚು. “ಇದನ್ನ ಆ ಎರಡರಲ್ಲೂ ಹಾಕಿ ತೋರ್ಸಪ್ಪ.” ಹುಡುಗ ನಕ್ಕು, ಹೆಚ್ಚುಕಡಿಮೆ ಒಂದೇ ಬೆಲೆಯ ಎರಡು ಲ್ಯಾಪ್‌ಟಾಪುಗಳಲ್ಲಿ ಚಿತ್ರ ತೆರೆದ. ನೇಕಾರರು ಒಂದೊಂದರ ಮುಂದೆಯೂ ನಿಂತು, ಬಗ್ಗಿ, ಪಕ್ಕಕ್ಕೆ ಸರಿದು ನೋಡಿದರು. “ಇದು ನಾನು ನೇಯ್ದ ಬಣ್ಣ. ಅದು ಹತ್ತು ಸಲ ಒಗೆದ ಬಣ್ಣ.”

ಅವರ ಕಣ್ಣು ತಪ್ಪಿರಲಿಲ್ಲ. ಅಗ್ಗದ ಎಷ್ಟೋ ಪರದೆಗಳ ವಿವರದಲ್ಲಿ “45% ಎನ್‌ಟಿಎಸ್‌ಸಿ” ಎಂದು ಸಣ್ಣಗೆ ಬರೆದಿರುತ್ತದೆ. ಎನ್‌ಟಿಎಸ್‌ಸಿ ಎಂಬ ಬಣ್ಣದ ಅಳತೆಗೋಲಿನ ವ್ಯಾಪ್ತಿಯಲ್ಲಿ ಅರ್ಧದಷ್ಟನ್ನೂ ಅದು ಮುಟ್ಟುವುದಿಲ್ಲ ಎಂದು ಅರ್ಥ. ವಾಣಿಜ್ಯ ಓದುವವರಿಗೆ ಇದು ದೊಡ್ಡ ಕೊರತೆಯಲ್ಲ. ಆರ್ಕಿಟೆಕ್ಚರ್, ವಿನ್ಯಾಸ, ವಿಡಿಯೊ ಕೆಲಸದವರಿಗೆ ದಿನವೂ ಕಾಡುತ್ತದೆ. ಪಕ್ಕಕ್ಕೆ ಸರಿದು ನೋಡಿದರಲ್ಲ, ಅದೂ ಸರಿಯೇ. ಐಪಿಎಸ್ ಎಂಬ ಬಗೆಯ ಪರದೆಯನ್ನು ಯಾವ ಕಡೆಯಿಂದ ನೋಡಿದರೂ ಬಣ್ಣ ಅಷ್ಟಾಗಿ ಕೆಡುವುದಿಲ್ಲ. ಟಿಎನ್ ಎಂಬ ಹಳೆಯ ಬಗೆಯದು ಸ್ವಲ್ಪ ಓರೆಯಾದರೆ ಬಿಳಿಚಿಕೊಳ್ಳುತ್ತದೆ. ಇನ್ನು ಸೂಕ್ಷ್ಮತೆ. 1366ಕ್ಕೆ 768 ಎಂದಿದ್ದರೆ ಪರದೆಯಲ್ಲಿ ಸುಮಾರು ಹತ್ತೂವರೆ ಲಕ್ಷ ಚುಕ್ಕಿಗಳು. 1920ಕ್ಕೆ 1080 ಎಂದಿದ್ದರೆ ಇಪ್ಪತ್ತು ಲಕ್ಷಕ್ಕೂ ಮೇಲೆ. ಅಕ್ಷರ ಮೊನಚಾಗಿ ಕಾಣುವುದು ಎರಡನೆಯದರಲ್ಲಿ. ನಾಲ್ಕು ವರ್ಷ ರಾತ್ರಿ ಹತ್ತರ ಮೇಲೆ ಅದನ್ನೇ ನೋಡುವ ಕಣ್ಣುಗಳ ವಿಚಾರ ಇದು. ಇಲ್ಲಿ ಜಿಪುಣತನ ಬೇಡ.

ಆಮೇಲೆ ನೇಕಾರರು ಮಾಡಿದ ಕೆಲಸ ನೋಡಿ ಅಂಗಡಿಯ ಹುಡುಗ ಓಡಿ ಬಂದ. ಅವರು ಲ್ಯಾಪ್‌ಟಾಪ್ ಮುಚ್ಚಿ ಮಗುಚಿ ಹಾಕಿದ್ದರು. ಸೀರೆ ಉಡುವವರು ಮುಂಭಾಗ ನೋಡುತ್ತಾರೆ, ನೇಯುವವರು ಹಿಂಭಾಗ ನೋಡುತ್ತಾರೆ. “ಈ ಸ್ಕ್ರೂ ಬಿಚ್ಚಿದ್ರೆ ಒಳಗೆ ಏನಿದೆ?” ನನ್ನ ಮಗನ ಲ್ಯಾಪ್‌ಟಾಪ್ ಕೊಂಡ ದಿನ ನಾನು ಕೇಳದೆ ಬಿಟ್ಟ ಪ್ರಶ್ನೆ ಅದೇ. ಹುಡುಗನಿಗೆ ಗೊತ್ತಿರಲಿಲ್ಲ, ಒಳಗೆ ಹೋಗಿ ಕೇಳಿ ಬಂದ. ಒಂದು ಮಾದರಿಯಲ್ಲಿ ರ್‍ಯಾಮ್ ಪೂರ್ತಿ ಬೆಸುಗೆ. ಇನ್ನೊಂದರಲ್ಲಿ 8 ಜಿಬಿ ಇದೆ, ಪಕ್ಕದಲ್ಲಿ ಒಂದು ಸ್ಲಾಟ್ ಖಾಲಿ. ನಮ್ಮ ಆಯ್ಕೆ ಅಲ್ಲಿಗೆ ಅರ್ಧ ಮುಗಿಯಿತು.

ಮಗುಚಿದಾಗ ಇನ್ನೊಂದು ವಿಷಯವೂ ಕಾಣುತ್ತದೆ: ಸಾಲು ಸಾಲು ಸಣ್ಣ ಕಂಡಿಗಳು. ಬಹಳಷ್ಟು ಲ್ಯಾಪ್‌ಟಾಪುಗಳು ತಂಪು ಗಾಳಿ ಎಳೆದುಕೊಳ್ಳುವುದು ಆ ದಾರಿಯಿಂದ. ಹಾಸ್ಟೆಲಿನ ಮಕ್ಕಳು ಅದನ್ನು ಹಾಸಿಗೆಯ ಮೇಲಿಟ್ಟು ಮೂಗು ಕಟ್ಟಿಸಿಬಿಡುತ್ತಾರೆ. ಕಾವೇರಿದಾಗ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಲ್ಯಾಪ್‌ಟಾಪ್ ನಿಧಾನವಾಯಿತು ಎಂದು ಬರುವ ದೂರುಗಳಲ್ಲಿ ಕೆಲವಕ್ಕೆ ಒಂದು ರಟ್ಟಿನ ಹಲಗೆಯೇ ಮದ್ದು.

ಈಗ ಪ್ರೊಸೆಸರ್. ನಮ್ಮ ತಾತ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಮಾರುವವನ ಬಣ್ಣನೆ ಕೇಳುತ್ತಿರಲಿಲ್ಲ. ಬಾಯಿ ಬಿಡಿಸಿ ಹಲ್ಲು ಎಣಿಸುತ್ತಿದ್ದರು. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ. ಪ್ರೊಸೆಸರಿನ ಹಲ್ಲು ಇರುವುದು ಅದರ ಅಂಕಿಯಲ್ಲಿ. ಇಂಟೆಲ್ ಐ5 ಎಂದರೆ ಸಾಲದು. ಐ5 7200ಯು ಎಂದಿದ್ದರೆ ಏಳನೇ ತಲೆಮಾರು, ಐ5 1235ಯು ಎಂದಿದ್ದರೆ ಹನ್ನೆರಡನೇ ತಲೆಮಾರು. ಏಳನೇ ತಲೆಮಾರಿನ ಆ ಐ5ಗಿಂತ ಹನ್ನೆರಡನೆಯದರ ಐ3 ಎಷ್ಟೋ ಚುರುಕು. 2023ರ ಕೊನೆಯಿಂದ ಇಂಟೆಲ್ ತನ್ನ ಹೊಸ ಲ್ಯಾಪ್‌ಟಾಪ್ ಚಿಪ್‌ಗಳಲ್ಲಿ ಬಹುಪಾಲಕ್ಕೆ ‘ಐ’ ಬಿಟ್ಟು ಕೋರ್, ಕೋರ್ ಅಲ್ಟ್ರಾ ಎಂದು ಹೆಸರಿಡುತ್ತಿದೆ. ಎಎಂಡಿಯದು ಇನ್ನೂ ಸೋಜಿಗ. ರೈಜನ್ 5 7520ಯು ಎಂಬ ಚಿಪ್ ಇದೆ. ಮೊದಲ ಅಂಕಿ 7 ಅದು 2023ರ ಸಾಲಿನದು ಎನ್ನುತ್ತದೆ. ಮೂರನೆಯ ಅಂಕಿ 2, ಒಳಗಿನ ವಿನ್ಯಾಸ ಜೆನ್ 2 ಎನ್ನುತ್ತದೆ. ಜೆನ್ 2 ಬಂದದ್ದು 2019ರಲ್ಲಿ. ಚಿಪ್ ಕೆಟ್ಟದ್ದೇನಲ್ಲ, ಸರಳ ಕೆಲಸಕ್ಕೆ ಧಾರಾಳವಾಯಿತು; ಆದರೆ ಹೊಸ ಎತ್ತಿನ ಬೆಲೆ ಕೊಡಬಾರದು, ಅಷ್ಟೇ. ಅಂಕಿಯ ಕೊನೆಯಲ್ಲಿ ‘ಯು’ ಇದ್ದರೆ ಕಡಿಮೆ ವಿದ್ಯುತ್ ಕುಡಿಯುವಂಥದು, ‘ಎಚ್’ ಇದ್ದರೆ ಹೆಚ್ಚು ದುಡಿದು ಹೆಚ್ಚು ತಿನ್ನುವಂಥದು.

ಯಾವ ಕೋರ್ಸಿಗೆ ಎಂಥದು ಬೇಕು? ನನ್ನನ್ನು ಕೇಳಿದರೆ, ತರಗತಿ ಶುರುವಾಗುವ ಮೊದಲೇ ಕೊಳ್ಳಬೇಡಿ. ವಿಟಿಯು ಕಾಲೇಜುಗಳಲ್ಲಿ ಮೊದಲ ವರ್ಷ ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ಎಂದು ಕಳೆಯುತ್ತದೆ. ಭಾರೀ ಸಾಫ್ಟ್‌ವೇರ್ ಬೇಕಾಗುವುದು ಆಮೇಲೆ. ಒಂದು ತಿಂಗಳು ಕಾಲೇಜಿಗೆ ಹೋಗಿ, ಎರಡನೇ ವರ್ಷದವರ ಪಕ್ಕ ಕೂತು, ಅವರು ದಿನಾ ಏನು ತೆರೆಯುತ್ತಾರೆ ಎಂದು ನೋಡಲಿ. ದಸರಾ, ದೀಪಾವಳಿಯ ರಿಯಾಯಿತಿಗಳು ಹೇಗೂ ಬರುತ್ತವೆ.

ಬಿ.ಎ., ಬಿ.ಕಾಂ. ಓದುವವರಿಗೆ 8 ಜಿಬಿ ರ್‍ಯಾಮ್, 256 ಅಥವಾ 512 ಜಿಬಿ ಎಸ್‌ಎಸ್‌ಡಿ ಸಾಕು. ವಿಂಡೋಸ್ 11 ಕೇಳುವ ಕನಿಷ್ಠ ರ್‍ಯಾಮ್ 4 ಜಿಬಿ. ಅದು ಬಾಗಿಲು ತೆರೆಯಲು ಸಾಕು, ಒಳಗೆ ಸಂಸಾರ ಮಾಡಲು ಸಾಲದು. ಬಿ.ಕಾಂ.ನವರಿಗೆ ನಮ್ಮ ಬೆಂಗಳೂರಿನದೇ ಆದ ಟ್ಯಾಲಿ ಬೇಕಾಗುತ್ತದೆ. ಅದು ನಡೆಯುವುದು ವಿಂಡೋಸ್ ಮೇಲೆ. ಬಿಸಿಎ, ಎಂಜಿನಿಯರಿಂಗ್‌ನವರು 16 ಜಿಬಿಗೆ ಏರಿಸುವ ದಾರಿ ಇರುವಂಥದನ್ನೇ ನೋಡಲಿ. ಮೆಕ್ಯಾನಿಕಲ್, ಸಿವಿಲ್‌ನವರು ಬಳಸುವ ಸಾಲಿಡ್‌ವರ್ಕ್ಸ್, ರೆವಿಟ್, ಇಟ್ಯಾಬ್ಸ್ ವಿಂಡೋಸಿನವು. ಮ್ಯಾಕ್ ಕೊಳ್ಳುವ ಆಸೆ ಇದ್ದರೆ ಮೊದಲು ಇದನ್ನು ವಿಚಾರಿಸಿಕೊಳ್ಳಬೇಕು. ಕೃತಕ ಬುದ್ಧಿಮತ್ತೆ ಓದುತ್ತೇನೆ, ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಆಗದು ಎಂದು ಮಗ ಹಟ ಹಿಡಿದರೆ ಗೂಗಲ್ ಕೊಲ್ಯಾಬ್ ಹೆಸರು ಹೇಳಿ ನೋಡಿ. ಕಲಿಯುವ ಮಟ್ಟದ ಕೆಲಸಕ್ಕೆ ಅಲ್ಲಿ ದೂರದ ಕಂಪ್ಯೂಟರಿನ ಗ್ರಾಫಿಕ್ಸ್ ಶಕ್ತಿಯನ್ನು ಪುಕ್ಕಟೆಯಾಗಿ, ಮಿತಿಯೊಳಗೆ, ಬಳಸಬಹುದು. ಹಟದ ಹಿಂದೆ ಆಟ ಇದೆಯೋ ಪಾಠ ಇದೆಯೋ ಆಗ ಗೊತ್ತಾಗುತ್ತದೆ. ಆಟ ತಪ್ಪೆಂದು ನಾನು ಹೇಳುತ್ತಿಲ್ಲ. ಆದರೆ ಆಟದ ಲ್ಯಾಪ್‌ಟಾಪ್ ಎರಡೂಕಾಲು, ಎರಡೂವರೆ ಕಿಲೋ ತೂಗುತ್ತದೆ. ಇಟ್ಟಿಗೆಯಂಥ ಅಡಾಪ್ಟರ್ ಬೇರೆ. ಮೂರನೇ ವಾರಕ್ಕೆ ಅದು ಹಾಸ್ಟೆಲಿನ ಕೋಣೆಯಲ್ಲೇ ಉಳಿಯುತ್ತದೆ, ಹುಡುಗ ನೋಟ್‌ಬುಕ್ ಹಿಡಿದು ತರಗತಿಗೆ ಹೋಗುತ್ತಾನೆ. ಅಂಗಡಿಯಲ್ಲಿ ನಾನು ಆ ಹುಡುಗಿಗೆ ಹೇಳಿದ್ದು ಎರಡೇ. ಒಂದು, ನಿಂತುಕೊಂಡು ಬೇಡ, ಕುರ್ಚಿ ಎಳೆದು ಕೂತು ಒಂದು ಪುಟ ಟೈಪ್ ಮಾಡು. ಎರಡು, ಅಡಾಪ್ಟರನ್ನೂ ಸೇರಿಸಿ ನಿನ್ನ ಬ್ಯಾಗಿಗೆ ಹಾಕಿ, ಹೆಗಲಿಗೇರಿಸಿ, ಬೀದಿ ತುದಿಯವರೆಗೆ ಹೋಗಿ ಬಂದಂತೆ ಅಂಗಡಿಯಲ್ಲೇ ನಾಲ್ಕು ಸುತ್ತು ಹಾಕು.

ಬ್ಯಾಟರಿಯನ್ನು ಗಂಟೆಯ ಲೆಕ್ಕದಲ್ಲಿ ಕೇಳಬೇಡಿ, ವ್ಯಾಟ್-ಅವರ್ ಲೆಕ್ಕದಲ್ಲಿ ಕೇಳಿ. ಓದು ಬರಹದಂಥ ಹಗುರ ಕೆಲಸಕ್ಕೆ ಎಂಟು ವ್ಯಾಟ್ ಎಳೆಯುವ ಲ್ಯಾಪ್‌ಟಾಪಿಗೆ 40 ವ್ಯಾಟ್-ಅವರ್ ಬ್ಯಾಟರಿ ಐದು ಗಂಟೆ ಬರುತ್ತದೆ, 56ರದ್ದು ಏಳು ಗಂಟೆ. ಚಾರ್ಜನ್ನು 80%ಕ್ಕೆ ನಿಲ್ಲಿಸುವ ಆಯ್ಕೆ ಇದ್ದರೆ ಹಾಕಿಡಿ. ಸದಾ ತುಂಬಿ ತುಳುಕುವ ಲಿಥಿಯಂ ಬ್ಯಾಟರಿ ಬೇಗ ಸೊರಗುತ್ತದೆ. ಚಾರ್ಜಿನ ವಿಚಾರ ಬಂದದ್ದಕ್ಕೆ ಒಂದು ಮಾತು. ಲೋಹದ ಮೈಯ ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿದಾಗ ಕೈಗೆ ಜುಮ್ ಎಂದರೆ ಅದು ಕೆಟ್ಟಿದೆ ಎಂದು ಹೆದರುವವರಿದ್ದಾರೆ. ಮೊದಲು ಗೋಡೆಯನ್ನು ನೋಡಿ. ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಸಾಕೆಟ್ ಹೊಂದಿಸಿದಾಗ ಅರ್ತಿಂಗ್ ತಪ್ಪಿಹೋಗುತ್ತದೆ, ಅಡಾಪ್ಟರಿನ ಸಣ್ಣ ಸೋರಿಕೆ ಕೈಗೆ ತಿಳಿಯುತ್ತದೆ. ಕಾರಣ ಅದೇ ಆಗಿದ್ದರೆ ಗೋಡೆಗೆ ಎಲೆಕ್ಟ್ರಿಷಿಯನ್ ಬೇಕು, ಲ್ಯಾಪ್‌ಟಾಪಿಗೆ ಸರ್ವಿಸ್ ಬೇಡ.

ಐವತ್ತು ಸಾವಿರ ಇಲ್ಲದವರು ಏನು ಮಾಡಬೇಕು? ಬೆಂಗಳೂರಿನ ಕಂಪನಿಗಳು ಬಾಡಿಗೆಗೆ ಪಡೆದು, ಮೂರು ನಾಲ್ಕು ವರ್ಷ ಬಳಸಿ ಹಿಂತಿರುಗಿಸಿದ ಲ್ಯಾಪ್‌ಟಾಪುಗಳು ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ಆಫೀಸಿಗೆಂದೇ ಮಾಡಿದ ಈ ಜಾತಿಯವಕ್ಕೆ ಕೀಲು, ಕೀಲಿಮಣೆ ಎರಡೂ ಗಟ್ಟಿ. ಎಷ್ಟೋ ಮಾದರಿಗಳನ್ನು ಬಿಚ್ಚಿ ಜೋಡಿಸುವುದೂ ಸುಲಭ. ಅಂದರೆ ಹಾಸು ಚೆನ್ನಾಗಿದೆ, ಹೊಕ್ಕು ಸವೆದಿದೆ. ಆದರೆ ಇಲ್ಲಿಯೂ ಹಲ್ಲು ಎಣಿಸಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಮೇಲಿನದೇ ಆಗಬೇಕು. ಅದಕ್ಕಿಂತ ಹಳೆಯದು ತೀರಾ ಅಗ್ಗಕ್ಕೆ ಸಿಕ್ಕಿದರೆ ಲಿನಕ್ಸ್ ಬಗೆಯ ಉಬುಂಟು ಹಾಕಿಕೊಂಡು, ಲಿಬ್ರೆಆಫೀಸಿನಲ್ಲಿ ಬರೆದುಕೊಂಡು ಡಿಗ್ರಿ ಮುಗಿಸಬಹುದು. ನನ್ನ ವಿದ್ಯಾರ್ಥಿಗಳಲ್ಲಿ ಮುಗಿಸಿದವರಿದ್ದಾರೆ. ಕೊಳ್ಳುವಾಗ ಬ್ಯಾಟರಿ ರಿಪೋರ್ಟ್ ತೆಗೆಸಿ ನೋಡಿ. ವಿಂಡೋಸ್ ಅದನ್ನು ತಾನೇ ಕೊಡುತ್ತದೆ. ಹುಟ್ಟುವಾಗ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ ಎಂದು ಎರಡು ಅಂಕಿ ಇರುತ್ತವೆ. ಎರಡನೆಯದು ಮೊದಲಿನದರ ಅರ್ಧಕ್ಕೆ ಇಳಿದಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಅಲ್ಲೇ ಕಳೆದು ಚೌಕಾಸಿ ಮಾಡಿ. ಬಿಲ್ಲು ಮರೆಯಬೇಡಿ.

ಕೈಗಡ ತರುತ್ತೇನೆ ಎಂದರಲ್ಲ ನಮ್ಮ ನೇಕಾರರು, ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಮಗುವಿಗೆ ಶಿಕ್ಷಣ ಸಾಲ ಮಾಡಿಸುತ್ತಿದ್ದರೆ, ಕೋರ್ಸಿಗೆ ಬೇಕಾದ ಕಂಪ್ಯೂಟರಿನ ಖರ್ಚನ್ನೂ ಅದರಲ್ಲಿ ಸೇರಿಸಲು ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ ಅವಕಾಶವಿದೆ. ಅರ್ಜಿ ಹಾಕುವಾಗಲೇ ಕೇಳಿ. ಬಡ್ಡಿಯಿಲ್ಲದ ಕಂತು ಎಂಬ ಬೋರ್ಡು ಕಂಡರೆ, ಪೂರ್ತಿ ಹಣ ಕೊಟ್ಟರೆ ಎಷ್ಟಕ್ಕೆ ಕೊಡುತ್ತೀರಿ ಎಂದು ಮೊದಲು ಕೇಳಿ. ಬಡ್ಡಿ ಎಲ್ಲಿ ಅಡಗಿದೆ ಎಂದು ಆ ಉತ್ತರದಲ್ಲಿ ಸಿಗುತ್ತದೆ. ಆಫೀಸ್, ಆಟೋಕ್ಯಾಡ್ ಇತ್ಯಾದಿಗೆ ಅಂಗಡಿಯಲ್ಲಿ ದುಡ್ಡು ಕೊಡುವ ಮೊದಲು ಕಾಲೇಜಿನಲ್ಲಿ ವಿಚಾರಿಸಿ. ಆಟೋಡೆಸ್ಕ್ ಕಂಪನಿ ವಿದ್ಯಾರ್ಥಿಗಳಿಗೆ ಉಚಿತವಾಗಿ ಕೊಡುತ್ತದೆ, ಕಾಲೇಜಿನ ಇಮೇಲ್ ಇದ್ದರೆ ಆಫೀಸ್ ಕೂಡ ಎಷ್ಟೋ ಕಡೆ ಪುಕ್ಕಟೆ. ಕನ್ನಡ ಹಾಕಿಕೊಡುತ್ತೇವೆ, ಐನೂರು ರೂಪಾಯಿ ಎಂದರೆ ನಕ್ಕು ಬನ್ನಿ. ವಿಂಡೋಸಿನಲ್ಲಿ ಕನ್ನಡ ಕೀಲಿಮಣೆ ಮೊದಲೇ ಇದೆ, ಆರಿಸಿಕೊಂಡರಾಯಿತು. ಕೆ.ಪಿ. ರಾವ್ ಅವರ ವಿನ್ಯಾಸದ ಕಗಪ ಕೀಲಿಮಣೆ ಲಿನಕ್ಸಿನಲ್ಲಿ ಕೂಡ ಸಿಗುತ್ತದೆ.

ನೇಕಾರರು ಕೈಗಡ ತರಲಿಲ್ಲ. 8 ಜಿಬಿಯ, ಒಂದು ಸ್ಲಾಟ್ ಖಾಲಿ ಇದ್ದ, ಅರಿಶಿನವನ್ನು ಅರಿಶಿನವಾಗಿ ತೋರಿಸಿದ ಲ್ಯಾಪ್‌ಟಾಪನ್ನೇ ಕೊಂಡರು. ಐವತ್ತು ಸಾವಿರದಲ್ಲಿ ಒಂದಿಷ್ಟು ಉಳಿಯಿತು. ಅದು ಹೊಕ್ಕಿನ ದುಡ್ಡು, ಖರ್ಚು ಮಾಡಬೇಡಿ ಎಂದಿದ್ದೆ.

ಕಳೆದ ವರ್ಷ ಬೇಸಿಗೆ ರಜೆಯಲ್ಲಿ ಹುಡುಗಿ ಇನ್ನೊಂದು 8 ಜಿಬಿ ರ್‍ಯಾಮ್ ತರಿಸಿಕೊಂಡಳು. ಸಕಾಲದಲ್ಲಿ ತರಿಸಿಕೊಂಡಳು ಅನ್ನಬೇಕು. ಆ ವರ್ಷದ ಕೊನೆಯಿಂದ ಮೆಮೊರಿ ಚಿಪ್‌ಗಳ ಬೆಲೆ ಏರುತ್ತಾ ಹೋಯಿತು. ಎಐಗೆಂದು ಕಟ್ಟುತ್ತಿರುವ ಡೇಟಾ ಸೆಂಟರುಗಳ ಹಸಿವು ನಮ್ಮ ಬೀದಿಯ ತನಕ ಬಂದಿದೆ. ಈಗ ಕೊಳ್ಳುವವರು, ಇವತ್ತೇ ಹಾಕಿಸಿದರೆ ಎಷ್ಟು, ಆಮೇಲೆ ಹಾಕಿಸಿದರೆ ಎಷ್ಟು ಎಂದು ಲೆಕ್ಕ ಹಾಕಿ ಕೊಳ್ಳುವುದು ಮೇಲು.

ರ್‍ಯಾಮ್ ಹಾಕಲು ನನ್ನನ್ನು ಕರೆದಿದ್ದಳು. ನಾನು ಹೋಗುವಷ್ಟರಲ್ಲಿ ಕೆಲಸ ಅರ್ಧ ಆಗಿತ್ತು. ಮಗ್ಗದ ಪಕ್ಕದ ಚಾಪೆಯ ಮೇಲೆ ಲ್ಯಾಪ್‌ಟಾಪ್ ಮಗುಚಿ ಮಲಗಿತ್ತು. ಅವಳು ಸ್ಕ್ರೂ ಬಿಚ್ಚಿ ಬಿಚ್ಚಿ ಕೊಡುತ್ತಿದ್ದಳು, ಅಪ್ಪ ಅವನ್ನು ಕುಂಕುಮದ ಬಟ್ಟಲಿಗೆ, ಎಲ್ಲಿಯದು ಅಲ್ಲಿಗೇ ಬರಬೇಕೆಂದು ವರಸೆಯಾಗಿ ಜೋಡಿಸಿಡುತ್ತಿದ್ದರು. ಖಾಲಿ ಸ್ಲಾಟಿಗೆ ಹೊಸ ರ್‍ಯಾಮ್ ಓರೆಯಾಗಿ ಇಟ್ಟು ಒತ್ತಿದಾಗ ಟಕ್ ಎಂದು ಕೂತಿತು. ಅಷ್ಟು ಹೊತ್ತಿಗೆ ಕರೆಂಟು ಬಂತು. ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ಶುರುವಾದವು. ನೇಕಾರರು ಏನೋ ಹೇಳಿದರು, ಆ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ. ಹುಡುಗಿ ನಕ್ಕು ಜೋರಾಗಿ ಹೇಳಿದಳು: “ಕಂಡಿಕೆ ಹಾಕಿದ್ದಾಯ್ತಲ್ಲ, ಇನ್ನು ಲಾಳಿ ಓಡ್ಸು ಅಂತಿದ್ದಾರೆ ಸಾರ್.”